ಹಾಶಿಮ್ ಕರೆಯದ ಹೆಸರು

ಕವಾಕ್ಲಿ ಗ್ರಾಮದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದರಲ್ಲಿ ಮೂರು ಅಧ್ಯಾಯಗಳು ಇರಲೇಬೇಕು: ಊರಿಗೆ ಕರೆಂಟು ಬಂದದ್ದು, ಮಸೀದಿಯ ಮಿನಾರಿಗೆ ಸಿಡಿಲು ಹೊಡೆದದ್ದು, ಮತ್ತು ತೊಂಬತ್ತಾರನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ನಲವತ್ತೇಳು ವರ್ಷದ ಒಬ್ಬ ಹೆಂಗಸನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಎದ್ದದ್ದು. ಮೊದಲನೆಯದಕ್ಕೆ ಮಂತ್ರಿಯೊಬ್ಬರು ಬಂದಿದ್ದರು. ಎರಡನೆಯದಕ್ಕೆ ವಿಮೆಯವರು ಬರಲಿಲ್ಲ. ಮೂರನೆಯದಕ್ಕೆ ಊರಿಗೆ ಊರೇ ಬಂದಿತ್ತು, ಏಕೆಂದರೆ ಊಟವಿತ್ತು.

ಹೆಂಗಸಿನ ಹೆಸರು ಯೆತೆರ್. ಅರ್ಥ, ಸಾಕು. ಇದರಲ್ಲಿ ಗುಟ್ಟೇನೂ ಇಲ್ಲ. ತುರ್ಕಿಯ ನಮ್ಮ ಯೋಜ್‌ಗಾತ್ ಸೀಮೆಯಲ್ಲಿ ಸಂತೆಯ ದಿನ ನಿಂತು ‘ಯೆತೆರ್!’ ಎಂದು ಕೂಗಿದರೆ ಈರುಳ್ಳಿ ಆರಿಸುತ್ತಿರುವ ಐದಾರು ಹೆಂಗಸರು ಒಟ್ಟಿಗೆ ತಲೆ ಎತ್ತುತ್ತಾರೆ. ಮನೆಯಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಈ ಹೆಸರಿಡುವುದು ವಾಡಿಕೆ. ಮೇಲಿನವನಿಗೆ ಬರೆದುಕೊಂಡ ಒಂದು ಅರ್ಜಿ ಎಂದುಕೊಳ್ಳಿ. ಮಗು ಆ ಅರ್ಜಿಯನ್ನು ಜೀವಮಾನವಿಡೀ ಹೊತ್ತು ತಿರುಗುತ್ತದೆ. ನಾನು ಈ ಊರಿನ ಶಾಲೆಗೆ ಟೀಚರಾಗಿ ಬಂದ ವರ್ಷ ಹಾಜರಿ ಪುಸ್ತಕದಲ್ಲಿ ನಾಲ್ವರು ಯೆತೆರ್‌ಗಳಿದ್ದರು. ದೊಡ್ಡ ಯೆತೆರ್, ಸಣ್ಣ ಯೆತೆರ್, ಗಿರಣಿ ಯೆತೆರ್, ಇನ್ನೊಂದು ಯೆತೆರ್ ಎಂದು ಗುರುತಿಟ್ಟುಕೊಂಡಿದ್ದೆ. ತನ್ನ ಹೆಸರಿನ ಅರ್ಥ ಗೊತ್ತಿಲ್ಲದವಳು ಅವರಲ್ಲಿ ಒಬ್ಬಳೂ ಇರಲಿಲ್ಲ.

ನಮ್ಮ ಕಥೆಯ ಯೆತೆರ್ ಹಾಶಿಮ್ ಅವರ ಮಗಳು. ಹಾಶಿಮ್ ತಮ್ಮ ಮೊದಲ ಮಗಳಿಗೆ ತಾಯಿಯ ಹೆಸರು ಶೆರಿಫೆ ಎಂದಿಟ್ಟರು. ಎರಡನೆಯವಳಿಗೆ ಅತ್ತೆಯ ಹೆಸರು, ಜಾಹಿದೆ. ಮೂರನೆಯವಳ ಹೊತ್ತಿಗೆ ಅಜ್ಜಿಯರು ಮುಗಿದರು. ‘ದೊಂದು’ ಎಂದರು. ‘ತಿರುಗಿತು’ ಎಂದರ್ಥ, ಅದೃಷ್ಟ ಇನ್ನಾದರೂ ಗಂಡಿನ ಕಡೆ ತಿರುಗಲಿ ಎಂದು. ತಿರುಗಲಿಲ್ಲ. ನಾಲ್ಕನೆಯವಳು ಯೆತೆರ್. ಔಷಧಿಯ ಲೆಕ್ಕದಲ್ಲಿ ನೋಡಿದರೆ ಈ ಹೆಸರು ಪೂರಾ ಸೋತಿತು. ಹದಿನಾಲ್ಕು ತಿಂಗಳಿಗೆ ಸೊಂಗುಲ್, ಅಂದರೆ ‘ಕೊನೆಯ ಗುಲಾಬಿ’, ಹುಟ್ಟಿದಳು. ಅವಳಾದ ಮೇಲೆ ಬಂದವನು ದುರ್ಸುನ್. ‘ಉಳಿಯಲಿ’ ಎಂದು ಅರ್ಥ. ಉಳಿದ. ಈಗ ಅವನಿಗೆ ಟ್ರ್ಯಾಕ್ಟರ್ ಇದೆ, ಹೊಟ್ಟೆ ಇದೆ, ಎಲ್ಲದರ ಬಗ್ಗೆಯೂ ಅಭಿಪ್ರಾಯ ಇದೆ.

ಮಗುವಿಗೆ ಹೆಸರಿಡುವುದು ಹೀಗೆ: ಮನೆಯ ಹಿರಿಯ ಅದನ್ನು ಎತ್ತಿಕೊಂಡು ಬಲಗಿವಿಯಲ್ಲಿ ನಮಾಜಿನ ಕರೆ ಹೇಳಿ, ಆಮೇಲೆ ಹೆಸರನ್ನು ಮೂರು ಸಲ ಉಸುರುತ್ತಾನೆ. ಹಾಶಿಮ್ ಅವರ ತಂದೆ ಆಗಲೇ ತೀರಿಕೊಂಡಿದ್ದರಿಂದ ಆ ಕೆಲಸವನ್ನು ಅವರೇ ಮಾಡಿದರು. ಮೂರು ಸಲ ಹೇಳಿದರು. ಆಮೇಲೆ ಒಂದು ಸಲವೂ ಹೇಳಲಿಲ್ಲ. ಬೇರೆ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು, ಬೈಯುತ್ತಿದ್ದರು. ಇವಳನ್ನು ಮಾತ್ರ ‘ಹುಡುಗೀ’ ಎನ್ನುತ್ತಿದ್ದರು. ಮದುವೆಯಾದ ಮೇಲೆ ‘ಸಬ್ರಿಯ ಮನೆಯವಳು’ ಎಂದರು. ಕವಾಕ್ಲಿಯಲ್ಲಿ ಯಾರದೇ ಮನೆಗೆ ಹೋದರೂ ಅಂಗಳದ ಬಾಗಿಲಲ್ಲಿ ನಿಂತು ಆ ಮನೆಯ ಹೆಂಗಸಿನ ಹೆಸರು ಕೂಗಬೇಕು. ಅವಳು ‘ಬಂದೆ’ ಎಂದ ಮೇಲೆಯೇ ಒಳಗೆ ಕಾಲಿಡಬೇಕು. ಹಾಶಿಮ್ ಈ ಮಗಳ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಊರಿನವರು ಅದನ್ನು ಹೊಗೆಸೊಪ್ಪಿನ ಕೆಮ್ಮು ಎಂದುಕೊಂಡಿದ್ದರು.

ಗೊತ್ತಿದ್ದದ್ದು ಯೆತೆರಳಿಗೆ ಮಾತ್ರ. ಅವಳೇ ನನಗೊಮ್ಮೆ ಹೇಳಿದ್ದಳು. ಅವಳಿಗೆ ಏಳು ವರ್ಷವಿದ್ದಾಗಿನ ಮಾತು. ಹಿಮಗಾಳಿ ಎದ್ದ ಸಂಜೆ, ಅವಳು ಮನೆಗೆ ಬಂದಿರಲಿಲ್ಲ. ಹಾಶಿಮ್ ಬೀದಿ ಬೀದಿ ತಿರುಗಿ ‘ಹುಡುಗೀ! ಹುಡುಗೀ!’ ಎಂದು ಕೂಗಿದರು.

“ಕುರಿ ದೊಡ್ಡೀಲಿ ಕೂತಿದ್ದೆ ಟೀಚರಮ್ಮ. ಚೆನ್ನಾಗೇ ಕೇಳಿಸ್ತು,” ಎಂದಳು. “ಯಾವ ಹುಡುಗಿ ಅಂತ ಹೇಳ್ಲಿಲ್ಲವಲ್ಲ. ನಾನ್ಯಾಕೆ ಓಗೊಡ್ಲಿ?”

“ಸತ್ತುಹೋಗಿದ್ದರೆ?”

“ಕುರಿ ಇದ್ವು. ಬೆಚ್ಚಗಿತ್ತು.”

ಅದೇ ಯೆತೆರ್ ಈಗ ಈ ಸುತ್ತಿನ ಇಪ್ಪತ್ತು ಹಳ್ಳಿಗೆ ಹಂಡೆ ಏರಿಸುವವಳು. ಮದುವೆಯಿರಲಿ, ಸಾವಿರಲಿ, ಸುನ್ನತಿಯಿರಲಿ, ಗೋಧಿಯನ್ನೂ ಮಾಂಸವನ್ನೂ ಬಡಿದು ಬಡಿದು ಬೆಣ್ಣೆಯಂತೆ ಮಾಡುವ ಕೆಶ್ಕೆಕ್ ಅವಳ ಕೈಯಲ್ಲೇ ಆಗಬೇಕು. ಗಂಡ ಸಬ್ರಿ ಜೇನು ಸಾಕುತ್ತಾನೆ. ಜೇನುಹುಳುಗಳಷ್ಟೂ ಮಾತಾಡುವುದಿಲ್ಲ.

ಒಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಆ ವರ್ಷ ಹಾಶಿಮ್ ಅವರ ಹೆಸರು ಹಜ್ ಚೀಟಿಯಲ್ಲಿ ಎದ್ದಿತು. ವಯಸ್ಸು ಎಪ್ಪತ್ನಾಲ್ಕು. ಹಜ್‌ಗೆ ಹೊರಡುವವನ ಮೇಲೆ ಯಾರ ಹಕ್ಕೂ ಬಾಕಿ ಇರಬಾರದು. ಹೊಡೆದ ಏಟು, ಆಡಿದ ಮಾತು, ಕದ್ದ ಕರಬೂಜ, ಎಲ್ಲವನ್ನೂ ಮನೆಮನೆಗೆ ಹೋಗಿ ಒಪ್ಪಿಕೊಂಡು, ‘ನಿನ್ನ ಹಕ್ಕು ಬಿಟ್ಟುಕೊಡು’ ಎಂದು ಕೇಳಬೇಕು. ಹಾಶಿಮ್ ಎರಡು ವಾರ ತಿರುಗಿದರು. ಚಹಾ ಅಂಗಡಿಯ ಬೆಕಿರ್‌ಗೆ ಅರವತ್ತೊಂದರಲ್ಲಿ ಕೊಟ್ಟ ಒಂದು ಕಪಾಳಮೋಕ್ಷಕ್ಕೆ ಕೇಳಿದರು. ಬೆಕಿರ್, ಅದು ಎರಡಾಗಿತ್ತು ಎಂದ. ಎರಡಕ್ಕೂ ಕೇಳಿದರು. ನನ್ನಲ್ಲಿಗೂ ಬಂದರು. ನನ್ನ ಶಾಲೆಯ ಗಂಟೆಯನ್ನು ಎತ್ತಿನ ಕೊರಳಿಗೆ ಕಟ್ಟಿದ್ದು ತಾವೇ ಎಂದರು. ಇಪ್ಪತ್ತೆರಡು ವರ್ಷ ನಾನು ಅನುಮಾನಪಟ್ಟದ್ದು ಬೇರೊಬ್ಬನನ್ನು.

ಯೆತೆರಳ ಬಾಗಿಲಿಗೆ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಶುಕ್ರವಾರ ನಮ್ಮ ಇಮಾಮರು, ಹೊಸಬರು, ಉತ್ಸಾಹಿ, ಪ್ರವಚನದಲ್ಲಿ ಮಕ್ಕಳ ವಿಷಯ ಎತ್ತಿಕೊಂಡರು. ಮಗುವಿಗೆ ಅಪ್ಪನ ಮೇಲಿರುವ ಮೊದಲ ಹಕ್ಕು ಒಳ್ಳೆಯ ಹೆಸರು ಎಂದರು. ಹಾಶಿಮ್ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಮಗ ದುರ್ಸುನ್ ಯೋಚಿಸುವ ಜಾತಿಯವನಲ್ಲ, ಮಾಡುವ ಜಾತಿಯವನು. ಸೋಮವಾರ ಬೆಳಿಗ್ಗೆ ತಾಲ್ಲೂಕು ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತಿರುವ ಅರ್ಜಿ ಬರಹಗಾರನ ಹತ್ತಿರ ಹೋಗಿ, ಅಕ್ಕನ ಹೆಸರು ಬದಲಾಯಿಸಲು ಅರ್ಜಿ ಹೊಡೆಸಿಕೊಂಡು ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿತ್ತು.

ಯೆತೆರ್ ಅಂಗಳದಲ್ಲಿ ನೆರೆಯ ಇಬ್ಬರ ಜೊತೆ ತೆಳುರೊಟ್ಟಿ ಲಟ್ಟಿಸುತ್ತಿದ್ದಳು. ನನಗೆ ಲಟ್ಟಿಸಲು ಕೊಡುವುದಿಲ್ಲ. ಓದಿದವಳು ಎಂದು ಕಾವಲಿಯ ಮೇಲಿನದನ್ನು ಮಗುಚುವ ಕೆಲಸ ಕೊಟ್ಟಿದ್ದರು.

“ಅಕ್ಕಾ, ಕೈ ಒರೆಸ್ಕೊ. ಒಂದು ಸಹಿ ಹಾಕು,” ಎಂದ ದುರ್ಸುನ್.

“ಯಾತಕ್ಕೆ?”

“ನಿನ್ನ ಹೆಸರು ಬದಲಾಯಿಸ್ತಿದೀವಿ.”

“ಯಾರು?”

“ನಾವು. ಎಲ್ಲಾರೂ ಸೇರಿ.”

“ಆ ಎಲ್ಲಾರಲ್ಲಿ ನಾನಿದೀನಾ?”

“ನಿನ್ನ ಒಳ್ಳೇದಕ್ಕೇ ಕಣೇ! ನುರ್‌ಹಯಾತ್. ಜೀವನದ ಬೆಳಕು. ಕೇಳೋಕೇ ಎಷ್ಟು ಚೆಂದ! ನನ್ನ ಹೆಂಡ್ತಿ ಆರಿಸಿದ್ದು. ಅವಳು ನೋಡೋ ಟೀವಿ ಧಾರಾವಾಹೀಲಿದೆ.”

“ಧಾರಾವಾಹೀಲಿ ಆ ನುರ್‌ಹಯಾತ್ ಏನಾಗ್ತಾಳೆ?”

ದುರ್ಸುನ್ ತಲೆ ಕೆರೆದುಕೊಂಡ. “ಕ್ಷಯ ಬಂದು ಸಾಯ್ತಾಳೆ. ಅದು ಬೇರೆ ವಿಷ್ಯ.”

ನೆರೆಯವರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಯೆತೆರ್ ನಗಲಿಲ್ಲ.

“ನಡಿಯೋ, ನಡಿ. ನಲವತ್ತೇಳು ವರ್ಷ ಈ ಹೆಸರಲ್ಲಿ ದುಡಿದಿದೀನಿ. ಎಲ್ಲಾದ್ರೂ ಮದುವೆ ಗೊತ್ತಾದ್ರೆ ಯೆತೆರ್ ಬರ್ತಾಳಾ ಅಂತ ಕೇಳಿ ದಿನ ಇಡ್ತಾರೆ. ನುರ್‌ಹಯಾತ್ ಬರ್ತಾಳಾ ಅಂತ ಕೇಳಿದ್ರೆ ಯಾರು ಹೋಗ್ತಾರೆ? ನೀನು ಹೋಗ್ತೀಯಾ ಸೌಟು ಹಿಡ್ಕೊಂಡು?”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಓದಿದವರಿಗೆ ಅದೊಂದು ಬರುವುದಿಲ್ಲ. ಇಮಾಮರ ಪ್ರವಚನದ ಸುದ್ದಿ ಕೇಳಿ ಹಿಂದಿನ ರಾತ್ರಿಯೇ ನಿಘಂಟು ತೆಗೆದು ನೋಡಿದ್ದೆ. ಈ ಪದ ಹುಟ್ಟಿದ ಧಾತುವಿನಿಂದಲೇ ‘ಯೋಗ್ಯತೆ’, ‘ಸಾಮರ್ಥ್ಯ’ ಎಂಬ ಅರ್ಥದ ಪದಗಳೂ ಬಂದಿವೆ, ಹೀಗಾಗಿ ಯೆತೆರ್ ಎಂದರೆ ಯಾರಿಗೂ ಕಡಿಮೆಯಿಲ್ಲದವಳು ಎಂದೂ ತೆಗೆದುಕೊಳ್ಳಬಹುದು ಎಂದು ವಿವರಿಸಿದೆ. ಸಾಕಷ್ಟು ಚೆನ್ನಾಗಿಯೇ ವಿವರಿಸಿದೆ ಎಂದು ನನ್ನ ಭಾವನೆ.

“ಟೀಚರಮ್ಮ, ರೊಟ್ಟಿ ಸೀಯ್ತಿದೆ,” ಎಂದಳು ಯೆತೆರ್. ನಾನು ಮಗುಚಿದ ಮೇಲೆ ಹೇಳಿದಳು: “ಅದಕ್ಕೆ ದ್ರಾಕ್ಷಿ ಪಾಕ ಸವರಬೇಡಿ. ಅಪ್ಪ ಅವತ್ತು ಏನು ಅಂದ್ಕೊಂಡು ಇಟ್ಟಿದ್ದು ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಓ ಅಲ್ಲಿ ಕಟ್ಟಿರೋ ಕತ್ತೆಗೂ ಗೊತ್ತು. ಅರ್ಥ ಇದ್ದ ಹಾಗೇ ಇರ್ಲಿ. ಆ ಅರ್ಥ ಹೊತ್ಕೊಂಡೇ ನಾನು ಇಷ್ಟು ದೂರ ಬಂದಿರೋದು.”

“ಅಪ್ಪ ಹಜ್‌ಗೆ ಹೊರಟಿದಾರೆ!” ದುರ್ಸುನ್ ಕಾಗದ ಬೀಸಿದ. “ನಿನ್ನ ಹಕ್ಕು ಕುತ್ತಿಗೆಗೆ ಕಟ್ಕೊಂಡು ಹೋಗ್ಬೇಕಾ?”

“ಹಕ್ಕು ನಂದು ಅಂತಾದ್ರೆ ಬಂದು ನನ್ನ ಕೇಳ್ಲಿ. ಊರಿಗೆಲ್ಲ ಹೋಗಿ ಬಂದಾಯ್ತಲ್ಲ.”

ದುರ್ಸುನ್ ಹೋದ. ಸಹಿ ಇಲ್ಲದ ಕಾಗದವೂ ಹೋಯಿತು. ಒಂದು ದಿನ ಮಟ್ಟಿಗೆ ಅವನ ಹೆಂಡತಿ ‘ನುರ್‌ಹಯಾತ್ ಅತ್ತಿಗೇ’ ಎಂದು ಕರೆದು ಅಭ್ಯಾಸ ಮಾಡಿಸಲು ನೋಡಿದಳು. ಯೆತೆರ್ ಆ ಕಡೆ ತಿರುಗಲಿಲ್ಲ.

ಮಂಗಳವಾರ ಬೀಳ್ಕೊಡುಗೆಯ ಊಟ. ಗುರುವಾರ ಬಸ್ಸು. ಅಪ್ಪನ ಊಟಕ್ಕೆ ಹಂಡೆ ಏರಿಸಿದವಳು ಯೆತೆರಳೇ. ಬೇರೆಯವರನ್ನು ಕರೆಸೋಣ ಎಂದು ದುರ್ಸುನ್ ಹೇಳಿ ನೋಡಿದ, ಊರಿನವರು ಒಪ್ಪಲಿಲ್ಲ. ಗಂಡಸರು ಅಂಗಳದ ತುಂಬ ಚಾಪೆ ಹಾಸಿ ಕೂತು ಉಂಡರು, ಹೆಂಗಸರು ಹಿಂದೆ ಹಂಡೆಗಳ ಸುತ್ತ. ಕೆಶ್ಕೆಕ್ ಎಂದಿಗಿಂತ ಚೆನ್ನಾಗಿತ್ತು ಎಂದು ನಾಲ್ಕು ಜನ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಊಟವಾದ ಮೇಲೆ ಇಮಾಮರು ಎದ್ದು ನಿಂತರು. ಪ್ರಾರ್ಥನೆ ಮುಗಿಸಿ ವಾಡಿಕೆಯಂತೆ ಕೇಳಿದರು: “ಹಾಶಿಮ್ ತಾತನ ಮೇಲೆ ನಿಮಗಿರುವ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿರಾ?”

“ಬಿಟ್ಟುಕೊಟ್ಟೆವು!” ಇನ್ನೂರು ಗಂಟಲು.

ಎರಡನೆಯ ಸಲ ಕೇಳಿದರು. “ಬಿಟ್ಟುಕೊಟ್ಟೆವು!”

ಮೂರನೆಯ ಸಲ. “ಬಿಟ್ಟುಕೊಟ್ಟೆವು!” ಎಂದು ಜನ ಚಪ್ಪಲಿ ಹುಡುಕಲು ಶುರುಮಾಡಿದರು. ಆ ಪ್ರಶ್ನೆಗೆ ಬೇರೆ ಉತ್ತರವನ್ನು ಕವಾಕ್ಲಿ ಯಾವತ್ತೂ ಕೇಳಿರಲಿಲ್ಲ.

“ನಾನು ಬಿಟ್ಟುಕೊಟ್ಟಿಲ್ಲ.”

ಹಂಡೆಯ ಪಕ್ಕ ಸೌಟು ಹಿಡಿದು ನಿಂತಿದ್ದ ಯೆತೆರ್. ಕೂಗಿರಲಿಲ್ಲ. ಉಪ್ಪು ಬೇಕೇ ಎಂದು ಕೇಳುವ ದನಿ.

ಹೀಗಾದರೆ ಏನು ಮಾಡಬೇಕೆಂದು ಇಮಾಮರು ಓದಿದ ಪುಸ್ತಕಗಳಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅವರು ನಾಲ್ಕನೆಯ ಸಲ ಕೇಳಿದರು.

“ನಲವತ್ತು ಸಲ ಕೇಳಿ ಇಮಾಮರೇ. ಊಟ ಹಾಕಿದೀನಿ, ಅದು ಬೇರೆ. ಹಕ್ಕು ಬೇರೆ.”

ಅಕ್ಕ ದೊಂದು ಓಡಿಬಂದು ಅವಳ ತೋಳು ಹಿಡಿದು ಜಗ್ಗಿದಳು. “ಏ, ಮಾನ ಕಳೀಬೇಡ್ವೇ! ಅಪ್ಪನಿಗೆ ಎಪ್ಪತ್ನಾಲ್ಕು!”

“ನಿನಗೇನು, ನಿನ್ನ ಹೆಸರು ಹಿಡಿದು ಬೈಸ್ಕೊಂಡು ಬೆಳೆದೋಳು ನೀನು,” ಎಂದಳು ಯೆತೆರ್.

ದುರ್ಸುನ್ ಕೆಂಪಗಾಗಿದ್ದ. “ಏನು ಬೇಕು ನಿನಗೆ? ಹೆಸರು ಬದಲಾಯಿಸ್ತೀವಿ ಅಂದ್ರೆ ಅದೂ ಬೇಡ!”

“ಹೆಸರೇ ಬೇಕು. ಇಟ್ಟೋರ ಬಾಯಿಂದ. ನನ್ನ ಬಾಗಿಲಲ್ಲಿ ನಿಂತು, ಬೇರೆ ಎಲ್ಲಾರೂ ಕರೆಯೋ ಹಾಗೆ ಕರೀಬೇಕು. ಕೆಮ್ಮಿದ್ರೆ ಆಗಲ್ಲ.”

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಂಡೆಯ ಹತ್ತಿರ ಕೂತಿದ್ದ ಒಬ್ಬ ಮುದುಕಿ, “ಹೌದಲ್ಲೇ...” ಎಂದಳು. ಆ ‘ಹೌದಲ್ಲೇ’ ಹೆಂಗಸರ ಬಾಯಿಂದ ಬಾಯಿಗೆ ಹೋಗಿ ಅಂಗಳ ದಾಟಿ ಗಂಡಸರ ಚಾಪೆ ಮುಟ್ಟಿತು. ಇಷ್ಟು ವರ್ಷದ ಕೆಮ್ಮುಗಳೆಲ್ಲ ಎಲ್ಲರ ನೆನಪಿಗೂ ಒಟ್ಟಿಗೆ ಬಂದವು. ಹಾಶಿಮ್ ಎದ್ದು ಮನೆಯೊಳಕ್ಕೆ ಹೋದರು.

ಮರುದಿನ, ಬುಧವಾರ, ಊಟದ ಹೊತ್ತಿಗೆ ಮುಂಚೆ ಅವರು ನನ್ನ ಮನೆಗೆ ಬಂದರು. ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಸ್ಪಷ್ಟವಾಗಿ ಕೂಗಿದರು. ಚಹಾ ಕೊಟ್ಟೆ.

“ಅವಳು ಹುಟ್ಟಿದ ದಿನ ನಾನು ಚಹಾ ಅಂಗಡೀಲಿದ್ದೆ ಟೀಚರಮ್ಮ,” ಎಂದರು. “ಸುದ್ದಿ ಬಂತು. ಎಲ್ಲಾ ನಕ್ಕರು. ಆ ಸಿಟ್ಟಲ್ಲೇ ಮನೆಗೆ ಹೋಗಿ ಕಿವೀಲಿ ಹೇಳ್ಬಿಟ್ಟೆ. ಮೂರನೇ ಸಲ ಹೇಳುವಾಗ ಕಣ್ಣು ಬಿಟ್ಲು. ನನ್ನನ್ನೇ ನೋಡಿದ್ಲು. ಅವತ್ತಿಂದ ಬಾಯಿಗೆ ಬರಲಿಲ್ಲ. ಅಂದ್ರೆ ನೋವಾಗತ್ತೆ ಅಂತ ಸುಮ್ಮನಾದೆ.”

“ಯಾರಿಗೆ ನೋವಾಗತ್ತೆ?” ಎಂದೆ.

ಅವರು ಚಹಾ ಕುಡಿದರು. “ಸಕ್ಕರೆ ಕಮ್ಮಿ ಆಯ್ತು,” ಎಂದರು. ಲೋಟ ಇಟ್ಟು ಎದ್ದರು.

ಅವರು ಯಾವ ಕಡೆ ಹೊರಟರೆಂದು ನನಗೆ ಗೊತ್ತಾಯಿತು. ಬೀದಿಗೂ ಗೊತ್ತಾಯಿತು. ಎಲ್ಲರಿಗೂ ಒಮ್ಮೆಲೇ ಹೊರಗೆ ಕೆಲಸ ಬಂದಿತು. ಒಬ್ಬಳು ಒಣಗಿದ ಬಟ್ಟೆಯನ್ನೇ ಮತ್ತೆ ಹರವಿದಳು. ಇಮಾಮರು ಬೀದಿಯ ತುದಿಯಲ್ಲಿ ನಿಂತು ಪಾಪ್ಲರ್ ಮರವೊಂದನ್ನು ಪರೀಕ್ಷಿಸತೊಡಗಿದರು. ನಾನಂತೂ ಮುಚ್ಚುಮರೆ ಇಲ್ಲದೆ ಹಿಂದೆಯೇ ಹೋದೆ.

ಬಾಗಿಲು ಮುಚ್ಚಿತ್ತು. ಹಲಗೆಗಳ ಸಂದಿಯಿಂದ ಯೆತೆರ್ ಕಾಣುತ್ತಿದ್ದಳು. ಹಂಡೆಯೊಳಕ್ಕೆ ಅರ್ಧ ಇಳಿದು ಬೂದಿ ಹಾಕಿ ಉಜ್ಜುತ್ತಿದ್ದಳು. ಹಾಶಿಮ್ ಟೋಪಿ ಸರಿಮಾಡಿಕೊಂಡರು. ಗಂಟಲಿಗೆ ಕೆಮ್ಮು ಬಂದದ್ದು ಎದ್ದು ಕಾಣಿಸಿತು. ನುಂಗಿಕೊಂಡರು.

“ಮಗಳೇ,” ಎಂದರು.

ಉಜ್ಜುವ ಸದ್ದು.

“ಹುಡುಗೀ.”

ಎದುರು ಮನೆಯ ಹೆಂಗಸು ತಡೆಯಲಾರದೆ ಬಾಯಿಬಿಟ್ಟಳು: “ತಾತ, ಆ ಮನೇಲಿ ಹುಡುಗೀರು ಯಾರೂ ಇಲ್ಲ. ಅವಳಿಗೂ ಮೊಮ್ಮಕ್ಕಳಾಗೋ ವಯಸ್ಸು.”

ಹಾಶಿಮ್ ಇನ್ನೊಂದು ದಾರಿ ನೋಡಿದರು. “ಸಬ್ರೀ!”

ಅಂಗಳದ ಮೂಲೆಯ ಜೇನುಪೆಟ್ಟಿಗೆಗಳ ಹಿಂದಿನಿಂದ ಅಳಿಯನ ದನಿ ಬಂತು. “ನಾನು ಮನೇಲಿಲ್ಲ ಮಾವ.” ಸಬ್ರಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಅವತ್ತೇ.

ಹಾಶಿಮ್ ಎರಡೂ ಕೈ ಬಾಗಿಲಿಗೆ ಊರಿ ನಿಂತರು. ನಾಳೆ ಬೆಳಿಗ್ಗೆ ಬಸ್ಸು ಎಂಬುದು ಅವರ ಬೆನ್ನಿನ ಮೇಲೆ ಬರೆದಂತಿತ್ತು.

“ಯೆತೆರ್,” ಎಂದರು, ಹಲಗೆಗೆ ಮಾತ್ರ ಕೇಳುವಂತೆ.

“ಸಬ್ರಿ, ಹುಳ ಏನಾದ್ರೂ ಗುಂಯ್ ಅಂದ್ವಾ?” ಎಂದಳು ಮಗಳು ಹಂಡೆಯೊಳಗಿನಿಂದ.

“ಯೆತೆರ್!” ದನಿ ನಡುವೆ ಒಡೆಯಿತು. ಬೀದಿಯಲ್ಲಿ ಒಬ್ಬರೂ ಕೆಲಸ ಮಾಡುತ್ತಿರಲಿಲ್ಲ ಈಗ.

ಹಂಡೆ ಉಜ್ಜುವುದು ನಿಂತಿತು. ಅವಳು ತಲೆ ಹೊರಗೆ ತೆಗೆದಳು, ಆದರೆ ಏಳಲಿಲ್ಲ. ಮುಖಕ್ಕೆಲ್ಲ ಬೂದಿ.

ಮುದುಕರಿಗೆ ಸಿಟ್ಟು ಬಂದಿತು. ಅವರನ್ನು ಉಳಿಸಿದ್ದು ಆ ಸಿಟ್ಟೇ. “ಯೆತೆರ್! ಕಿವಿ ಕೇಳಲ್ವೇನೇ ನಿಂಗೆ? ಎಷ್ಟು ಹೊತ್ತು ನಿಲ್ಲಿಸ್ತೀಯ ಬಿಸಿಲಲ್ಲಿ? ಬಾಗಿಲು ತೆಗಿ ಯೆತೆರ್!” ಆ ಕೂಗು ಹೊಳೆಯ ಆಚೆಗಿನ ಗಿರಣಿಗೂ ಕೇಳಿಸಿತು ಎಂದು ಆಮೇಲೆ ಹೇಳಿದರು. ಗಿರಣಿ ಯೆತೆರ್ ‘ಬಂದೆ!’ ಎಂದು ಹೊರಗೆ ಓಡಿ ಬಂದಳಂತೆ.

“ಬಂದೆ ಅಪ್ಪಾ,” ಎಂದಳು ಯೆತೆರ್.

ಬಾಗಿಲು ತೆಗೆದಳು. ಇಬ್ಬರೂ ಹೊಸ್ತಿಲ ಈ ಕಡೆ ಆ ಕಡೆ ನಿಂತರು. ಹಾಶಿಮ್ ಅವಳ ಮುಖ ನೋಡಿದರು. ಮೊದಲು ಕಣ್ಣು ತಗ್ಗಿಸಿದ್ದು ಅವರೇ.

“ನಿನ್ನ ಹಕ್ಕು ಬಿಟ್ಟುಕೊಡು ಯೆತೆರ್,” ಎಂದರು.

“ಕೇಳಿ ಅಪ್ಪಾ. ಹೆಸರು ನಂದು. ಅದನ್ನ ಬಿಟ್ಟುಕೊಡಲ್ಲ, ಯಾವ ಕೋರ್ಟಲ್ಲೂ ಬದಲಾಯಿಸಲ್ಲ. ನೀವು ಅವತ್ತು ಅದನ್ನ ಯಾಕಿಟ್ರಿ ಅನ್ನೋದು ನಿಮ್ಮದು. ಆ ಹೊರೆ ನಾನು ಇಳಿಸ್ಕೊಡಲ್ಲ. ಅಲ್ಲಿಗೆ ಹೊತ್ಕೊಂಡು ಹೋಗಿ, ಅಲ್ಲಿ ಯಾರನ್ನ ಕೇಳಬೇಕೋ ಅವರನ್ನ ಕೇಳಿ. ಇಷ್ಟು ವರ್ಷ ಕರೀದೇ ಇದ್ರಲ್ಲ, ಅದು ಬಿಟ್ಟುಕೊಟ್ಟೆ.”

“ಅರ್ಧ ಹಕ್ಕು ತಗೊಂಡು ಹಜ್ ಹೇಗೆ ಮಾಡ್ಲೇ?”

“ಇಮಾಮರು ಮರ ನೋಡ್ತಾ ನಿಂತಿದಾರೆ. ಅವರನ್ನ ಕೇಳಿ.”

ಇಮಾಮರನ್ನು ಕೇಳಲಾಯಿತು. ಅವರು ಬಹಳ ಹೊತ್ತು ಯೋಚಿಸಿದರು. ಮೊದಲು ಸಾಧ್ಯವಿಲ್ಲ ಎಂದರು, ಆಮೇಲೆ ಸಾಧ್ಯವಿರಬಹುದು ಎಂದರು, ಕೊನೆಗೆ ಧರ್ಮದ ತೀರ್ಪು ಹೇಳುವ ತಾಲ್ಲೂಕಿನ ಮುಫ್ತಿಯವರ ಕಚೇರಿಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಯೆತೆರ್ ಅಪ್ಪನನ್ನು ಒಳಗೆ ಕೂರಿಸಿ ಹಿಂದಿನ ದಿನದ ಕೆಶ್ಕೆಕ್ ಬಿಸಿ ಮಾಡಿ ಹಾಕಿದ್ದಳು. ಅವರು ಎರಡು ಸಲ ಹಾಕಿಸಿಕೊಂಡರು.

ಗುರುವಾರ ಒಂಬತ್ತೂ ಇಪ್ಪತ್ತಕ್ಕೆ ಬಸ್ಸು ಹೊರಟಿತು. ಹಾಶಿಮ್ ಅದರಲ್ಲಿದ್ದರು. ದುರ್ಸುನ್ ತಂದ ಅರ್ಜಿಗೆ ಸಹಿ ಬೀಳಲಿಲ್ಲ. ನೋಂದಣಿ ಪುಸ್ತಕದಲ್ಲಿ ಹೆಸರು ಯೆತೆರ್ ಎಂದೇ ಇದೆ.